ಕಾಕಾ ಹತ್ತಿದ ವಿಮಾನ, ನಾನು ಕಟ್ಟಿದ ಬಗೆ

ಪ್ಲಾಸ್ಟಿಕ್ ಕಿಟ್ ತರಿಸಿ ವಿಮಾನದ ಮಾಡೆಲ್ ಕಟ್ಟುವವರಲ್ಲಿ ಜಾಸ್ತಿ ಜನ ಯುದ್ಧ ವಿಮಾನವನ್ನೇ ಕಟ್ಟುತ್ತಾರೆ. ನಾನೂ ಶುರು ಮಾಡಿದ್ದು ಅದರಿಂದಲೇ. ಪ್ರಯಾಣಿಕರ ವಿಮಾನಕ್ಕೆ ಕೈ ಹಾಕಿದ ಮೇಲೆ ಗೊತ್ತಾಯಿತು, ಇದು ಬೇರೆಯದೇ ಕೆಲಸ ಅಂತ. ಯುದ್ಧ ವಿಮಾನದ ಮೈಮೇಲೆ ಹಸಿರು ಕಂದು ಪಟ್ಟೆ ಇರುತ್ತವೆ, ಹೊಗೆಯ ಮಸಿ ಇರುತ್ತದೆ, ಎಣ್ಣೆ ಸೋರಿದ ಕಲೆ ಇರುತ್ತದೆ, ಜಾಯಿಂಟ್ ಹತ್ತಿರ ಒಂದು ಸಣ್ಣ ಗೆರೆ ಉಳಿದರೂ ಅದರೊಳಗೆ ಮುಚ್ಚಿಹೋಗುತ್ತದೆ. ಪ್ರಯಾಣಿಕರ ವಿಮಾನ ಅಂದರೆ ಒಂದು ಉದ್ದನೆಯ ಬಿಳಿ ಕೊಳವೆ. ಅದೂ ಹೊಳೆಯುವ ಬಿಳಿ. ಅಲ್ಲಿ ಏನನ್ನೂ ಮುಚ್ಚಿಡಲು ಆಗುವುದಿಲ್ಲ.

ಕಳೆದ ವರ್ಷ ಮುಗಿಸಿದ ಒಂದು ಏರ್‌ಬಸ್ ಎ320 ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅದು ಶುರುವಾಗಿದ್ದು ಧಾರವಾಡದ ನಮ್ಮ ಕಾಕಾನಿಂದ.

ಕಾಕಾನಿಗೆ ಈಗ ಎಪ್ಪತ್ತೆಂಟು. 1992ರಲ್ಲಿ ಇಲಾಖೆಯ ಕೆಲಸಕ್ಕೆ ದಿಲ್ಲಿಗೆ ಹೋಗಬೇಕಾಗಿ ಬಂದಿತ್ತು. ರಾತ್ರಿ ಬಸ್ಸಿಗೆ ಬೆಂಗಳೂರು ಮುಟ್ಟಿ, ಎಚ್‌ಎಎಲ್ ನಿಲ್ದಾಣದಲ್ಲಿ ಇಂಡಿಯನ್ ಏರ್‌ಲೈನ್ಸ್ ವಿಮಾನ ಹತ್ತಿದ್ದರು. ಅದೇ ಮೊದಲ ಸಲ. ನಮ್ಮ ಮನೆಯಲ್ಲಿ ಎಲ್ಲರಿಗೂ ಆ ಕತೆ ಬಾಯಿಪಾಠ. ನನ್ನ ಕೆಲಸದ ಮೇಜು ನೋಡಲು ಬಂದವರು ಒಂದು ದಿನ ಅಂದರು, “ತಮ್ಮಾ, ಇಷ್ಟೆಲ್ಲಾ ಮಾಡತಿ, ನಾ ಹತ್ತಿದ್ದು ಒಂದ್ ಮಾಡು.” ಯಾವುದು ಕಾಕಾ ಅಂತ ಕೇಳಿದೆ. ಹೆಸರು ಅವರಿಗೆ ನೆನಪಿಲ್ಲ. ಬಿಳಿ ಮೈ, ಕೇಸರಿ ಬಾಲ, ರೆಕ್ಕೆಗೆ ಒಂದೊಂದು ಇಂಜಿನ್. ಆಮೇಲೆ ಇನ್ನೊಂದು ಮಾತು ಸೇರಿಸಿದರು. “ಗಾಲಿ ಬಾಳ ಇದ್ವು ನೋಡು. ಲಾರಿ ಗತೆ, ಒಂದರ ಹಿಂದ ಒಂದು.”

ನನಗೆ ಅಲ್ಲೇ ಗೊಂದಲ ಆಯಿತು. ಎ320ರ ರೆಕ್ಕೆ ಕೆಳಗಿನ ಎರಡು ಕಾಲುಗಳಿಗೆ ತಲಾ ಎರಡೇ ಗಾಲಿ, ಅಕ್ಕಪಕ್ಕ. ಒಂದರ ಹಿಂದೆ ಒಂದು ಇರುವುದು ಎ300ರಲ್ಲಿ. ಆಗ ಇಂಡಿಯನ್ ಏರ್‌ಲೈನ್ಸ್ ಹತ್ತಿರ ಎ300 ಕೂಡ ಇದ್ದವು, ಬಾಲವೂ ಅದೇ ಕೇಸರಿ. ಹಾಗಾಗಿ ಕಾಕಾ ಹತ್ತಿದ್ದು ಎ300 ಇರಬೇಕು ಅಂದುಕೊಂಡೆ. ಖಾತ್ರಿ ಮಾಡಿಕೊಳ್ಳಲು ಕೇಳಿದೆ, “ಒಳಗ ನಡೆಯೂ ದಾರಿ ಎಷ್ಟ್ ಇದ್ವು ಕಾಕಾ?” “ಒಂದ. ಈ ಕಡೆ ಮೂರು ಕುರ್ಚಿ, ಆ ಕಡೆ ಮೂರು.” ಎ300 ಅಗಲದ ವಿಮಾನ, ಒಳಗೆ ಎರಡು ದಾರಿ. ಅಂದಮೇಲೆ ಅದಲ್ಲ. ಒಂದು ದಾರಿ, ಮೂರು ಮೂರು ಕುರ್ಚಿ ಅಂದರೆ ಎ320. ಆದರೆ ಗಾಲಿ?

ಆ ರಾತ್ರಿ ಹಳೆಯ ಫೋಟೋ ಹುಡುಕುತ್ತಾ ಕೂತೆ. ಕಾಕಾ ಹೇಳಿದ್ದು ನಿಜ. ಇಂಡಿಯನ್ ಏರ್‌ಲೈನ್ಸ್ 1989ರಿಂದ ತರಿಸಿಕೊಂಡ ಆ ಮೊದಲ ಎ320ಗಳಿಗೆ ಒಂದೊಂದು ಕಾಲಿಗೆ ನಾಲ್ಕು ಗಾಲಿ, ಎರಡು ಮುಂದೆ, ಎರಡು ಹಿಂದೆ. ನಮ್ಮಲ್ಲಿ ಕೆಲವು ಕಡೆ ರನ್‌ವೇ ಅಷ್ಟು ಗಟ್ಟಿ ಇರಲಿಲ್ಲ. ಭಾರ ಎರಡು ಗಾಲಿ ಮೇಲೆ ಬೀಳುವ ಬದಲು ನಾಲ್ಕರ ಮೇಲೆ ಹಂಚಲಿ ಅಂತ ಹೀಗೆ ಮಾಡಿಸಿಕೊಂಡಿದ್ದರು. ಪ್ರಪಂಚದಲ್ಲಿ ಬೇರೆ ಯಾವ ಕಂಪನಿಯೂ ಎ320ಯನ್ನು ಹೀಗೆ ತರಿಸಿಕೊಳ್ಳಲಿಲ್ಲ. ಮೂವತ್ತು ವರ್ಷದ ಹಿಂದೆ ಏಣಿ ಹತ್ತುವ ಮುಂಚೆ ಒಂದು ಸಲ ಬಗ್ಗಿ ನೋಡಿದ್ದನ್ನು ಅವರು ಸರಿಯಾಗಿ ನೆನಪಿಟ್ಟುಕೊಂಡಿದ್ದರು. ನನಗೆ ನಿಜಕ್ಕೂ ಖುಷಿಯಾಯಿತು. ಕಟ್ಟಿದರೆ ಇದನ್ನೇ, ಈ ಗಾಲಿ ಸಮೇತ ಕಟ್ಟಬೇಕು ಅಂತ ಆಗಲೇ ಗಟ್ಟಿ ಮಾಡಿಕೊಂಡೆ.

ಪ್ರಯಾಣಿಕರ ವಿಮಾನದ ಕಿಟ್‌ಗಳು ಹೆಚ್ಚಾಗಿ ಬರುವುದು 1:144 ಅಳತೆಯಲ್ಲಿ. ಅಂದರೆ ನಿಜವಾದ ವಿಮಾನದ 12 ಅಡಿ ಇಲ್ಲಿ ಒಂದು ಇಂಚು. ರೆವೆಲ್, ಜ್ವೆಜ್ಡಾ ಎರಡೂ ಕಂಪನಿ ಎ320 ಮಾಡುತ್ತವೆ. ವಿಮಾನದ ಉದ್ದ 37.57 ಮೀಟರ್, ಮಾಡೆಲ್‌ನಲ್ಲಿ 26 ಸೆಂಟಿಮೀಟರ್. ರೆಕ್ಕೆ ತುದಿಯಿಂದ ತುದಿಗೆ 34.1 ಮೀಟರ್, ಇಲ್ಲಿ 23.7 ಸೆಂಟಿಮೀಟರ್. ಈ ಲೆಕ್ಕ ಸುಮ್ನೆ ಹೇಳುತ್ತಿಲ್ಲ. ಬಣ್ಣ ತಾಗಬಾರದ ಕಡೆ ಅಂಟಿಸುವ ಮಾಸ್ಕಿಂಗ್ ಟೇಪ್ ಕಿತ್ತಾಗ ಅಂಚಿನಲ್ಲಿ ಬಣ್ಣ ಒಂದು ಕೂದಲೆಳೆಯಷ್ಟು ಎದ್ದು ನಿಂತಿತು ಅನ್ನಿ. ಅದನ್ನು 144ರಿಂದ ಗುಣಿಸಿದರೆ ನಿಜವಾದ ವಿಮಾನದ ಮೇಲೆ ಒಂದು ಸೆಂಟಿಮೀಟರ್ ಎತ್ತರದ ಕಟ್ಟೆ ಆಗುತ್ತದೆ. ನಮ್ಮ ಕಣ್ಣಿಗೆ ಲೆಕ್ಕ ಗೊತ್ತಿಲ್ಲದಿದ್ದರೂ ಏನೋ ಸರಿಯಿಲ್ಲ ಅಂತ ಗೊತ್ತಾಗಿಬಿಡುತ್ತದೆ. ಆಟಿಕೆಗೂ ಮಾಡೆಲ್‌ಗೂ ಇರುವ ಫರಕು ಅಲ್ಲೇ.

ಹುಬ್ಬಳ್ಳಿಯ ಅಂಗಡಿಗಳಲ್ಲಿ ಈ ಕಿಟ್ ನನಗೆ ಸಿಗಲಿಲ್ಲ, ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಕಟ್ ಮಾಡುವ ಮೊದಲು ನಮಗೆ ಬೇಕಾದ ವಿಮಾನ ಯಾವ ಬಗೆಯದು ಅಂತ ನೋಡಿಕೊಳ್ಳಬೇಕು. ಇಂಡಿಯನ್ ಏರ್‌ಲೈನ್ಸ್‌ನ ಆ ಎ320ಗಳಿಗೆ ವಿ2500 ಇಂಜಿನ್. ಇದರ ಹೊರಗಿನ ಕವಚ ಹಿಂದಿನ ತನಕ ಉದ್ದಕ್ಕೆ ಒಂದೇ ಆಗಿರುತ್ತದೆ. ಇನ್ನೊಂದು ಬಗೆ ಸಿಎಫ್‌ಎಂ56, ಅದರಲ್ಲಿ ಕವಚ ಮೊದಲೇ ಮುಗಿದು ಒಳಗಿನ ಕೊಳವೆ ಹಿಂದೆ ಚಾಚಿಕೊಂಡಿರುತ್ತದೆ. ನನ್ನ ಕಿಟ್‌ನಲ್ಲಿ ಎರಡೂ ಇದ್ದವು. ರೆಕ್ಕೆ ತುದಿಗೆ ಈಗ ಕಾಣುವ ಎತ್ತರದ ಶಾರ್ಕ್‌ಲೆಟ್ ಆಗ ಇರಲಿಲ್ಲ, ಮೇಲೂ ಕೆಳಗೂ ಚಾಚಿದ ಸಣ್ಣ ತ್ರಿಕೋನದ ಬೇಲಿ ಇರುತ್ತಿತ್ತು. ಇಷ್ಟು ನೋಡದೆ ಅಂಟಿಸಿದರೆ ಆಮೇಲೆ ಎಷ್ಟು ಚಂದ ಬಣ್ಣ ಹಚ್ಚಿದರೂ ಅದು ಬೇರೆ ವಿಮಾನವೇ.

ಮೈ ಎರಡು ಭಾಗದಲ್ಲಿ ಬರುತ್ತದೆ, ಎಡ ಮತ್ತು ಬಲ. ಮುಚ್ಚುವ ಮೊದಲು ಮೂಗಿನಲ್ಲಿ ತೂಕ ಇಡಬೇಕು, ಇಲ್ಲದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ. ನಾನು ಟೈರ್ ಅಂಗಡಿಯಲ್ಲಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ತೂಕದ ಪಟ್ಟಿ ತಂದುಕೊಂಡೆ. ಐದೈದು ಗ್ರಾಂ ತುಂಡು, ಹಿಂದೆ ಅಂಟು ಇರುತ್ತದೆ. ಮೂರು ತುಂಡು ಸಾಕಾಯಿತು. ಆದರೆ ಆ ಅಂಟನ್ನೇ ನಂಬಬೇಡಿ. ಮುಚ್ಚಿದ ಮೇಲೆ ಒಳಗೆ ಬಿಚ್ಚಿಕೊಂಡು ಗಡಗಡ ಅಂದರೆ ತೆಗೆಯಲು ದಾರಿಯಿಲ್ಲ. ಮೇಲೆ ಎಂ-ಸೀಲ್ ಮೆತ್ತಿ ಭದ್ರ ಮಾಡಿ.

ಕಿಟಕಿಗಳಿಗೆ ಕಿಟ್‌ನಲ್ಲಿ ತೂತು ಕೊಟ್ಟಿರುತ್ತಾರೆ, ಒಳಗಿಂದ ಅಂಟಿಸಲು ಪಾರದರ್ಶಕ ಪಟ್ಟಿಯನ್ನೂ ಕೊಟ್ಟಿರುತ್ತಾರೆ. ನಾನು ಎಲ್ಲ ತೂತು ಮುಚ್ಚಿಬಿಡುತ್ತೇನೆ, ಆಮೇಲೆ ಡೆಕಾಲ್‌ನಲ್ಲಿ, ಅಂದರೆ ನೀರಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರದಲ್ಲಿ, ಕಿಟಕಿ ಹಾಕುತ್ತೇನೆ. ತೂತು ಉಳಿಸಿಕೊಂಡರೆ ಮೈ ಉಜ್ಜುವಾಗ ಅವುಗಳ ಅಂಚು ಸವೆದು ಒಂದೊಂದು ಒಂದೊಂದು ಆಕಾರ ಆಗುತ್ತದೆ. ಮುಚ್ಚಲು ಫೆವಿಕ್ವಿಕ್ ಮತ್ತು ಮುಖಕ್ಕೆ ಹಚ್ಚುವ ಪೌಡರ್ ಸಾಕು. ಒಳಗೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಹೊರಗಿಂದ ಪೌಡರ್ ಕಲಸಿದ ಫೆವಿಕ್ವಿಕ್ ತುಂಬಿ, ಅರ್ಧ ಗಂಟೆಯೊಳಗೆ ಉಜ್ಜಿಬಿಡಬೇಕು. ರಾತ್ರಿ ಬಿಟ್ಟು ಬೆಳಿಗ್ಗೆ ಉಜ್ಜೋಣ ಅಂದರೆ ಅದು ಪ್ಲಾಸ್ಟಿಕ್‌ಗಿಂತ ಗಟ್ಟಿಯಾಗಿರುತ್ತದೆ, ಸುತ್ತಲಿನ ಪ್ಲಾಸ್ಟಿಕ್ ಸವೆದು ಇದು ಮಾತ್ರ ಗುಳ್ಳೆಯ ಹಾಗೆ ಉಳಿಯುತ್ತದೆ.

ಮೈ ಜೋಡಿಸಲು ಪ್ಲಾಸ್ಟಿಕ್ ಕರಗಿಸುವ ನೀರಿನಂಥ ಅಂಟು ಬಳಸುತ್ತೇನೆ, ಇದಕ್ಕೆ ಸಿಮೆಂಟ್ ಅನ್ನುತ್ತಾರೆ. ಎರಡೂ ಭಾಗ ಒತ್ತಿ ಹಿಡಿದು ಸಂದಿಗೆ ಬ್ರಷ್ ಮುಟ್ಟಿಸಿದರೆ ಅದಾಗಿಯೇ ಒಳಗೆ ಓಡುತ್ತದೆ. ಹತ್ತು ಸೆಕೆಂಡ್ ಬಿಟ್ಟು ಇನ್ನಷ್ಟು ಒತ್ತಿದರೆ ಕರಗಿದ ಪ್ಲಾಸ್ಟಿಕ್ ಸಂದಿಯುದ್ದಕ್ಕೂ ಸಣ್ಣ ದಾರದ ಹಾಗೆ ಉಕ್ಕಿ ಬರುತ್ತದೆ. ಆ ದಾರ ಬಂದರೆ ಒಳಗೆ ಪೂರ್ತಿ ಬೆಸೆದಿದೆ ಅಂತ ಅರ್ಥ. ಎಲ್ಲಿ ಬರಲಿಲ್ಲವೋ ಅಲ್ಲಿ ಆಮೇಲೆ ಗೆರೆ ಕಾಣುತ್ತದೆ. ಕೂಡಲೇ ಉಜ್ಜಬಾರದು, ನಾನು ಒಂದು ವಾರ ಬಿಡುತ್ತೇನೆ.

ಇಲ್ಲಿಯ ತನಕ ನನಗೆ ಗೊತ್ತಿತ್ತು. ಇಲ್ಲಿಂದ ಮುಂದಿನದನ್ನು ಕಲಿಸಿದವರು ಕಾರಿಗೆ ಬಣ್ಣ ಹೊಡೆಯುವ ಒಬ್ಬ ಉಸ್ತಾದರು.

ಇದಕ್ಕೂ ಮುಂಚೆ ಕಟ್ಟಿದ್ದ ಒಂದು ಎ320ಯಲ್ಲಿ ನಾನು ಪೆಟ್ಟು ತಿಂದಿದ್ದೆ. ಬೆನ್ನಿನ ಜಾಯಿಂಟ್ ಮೇಲೆ ಕಾರಿಗೆ ಬಳಸುವ ಎನ್‌ಸಿ ಪುಟ್ಟಿ ದಪ್ಪಗೆ ಹಚ್ಚಿ, ಮರುದಿನವೇ ಉಜ್ಜಿ, ಬಿಳಿ ಹೊಡೆದು ಮುಗಿಸಿದೆ. ನೋಡಲು ಕನ್ನಡಿ ಹಾಗಿತ್ತು. ಮೂರು ವಾರಕ್ಕೆ ಬೆನ್ನಿನ ಮೇಲೆ ತಲೆಯಿಂದ ಬಾಲದ ತನಕ ಒಂದು ತಗ್ಗಿನ ಗೆರೆ ಎದ್ದು ಕಂಡಿತು. ಬಣ್ಣದ ಕೆಳಗೆ ಪುಟ್ಟಿ ಒಣಗುತ್ತಾ ಕುಗ್ಗಿತ್ತು. ಕೆಲವು ಕಡೆ ಪುಟ್ಟಿಯೊಳಗಿನ ಥಿನ್ನರ್ ಪ್ಲಾಸ್ಟಿಕ್ಕನ್ನೇ ಮೆತ್ತಗೆ ಮಾಡಿ ತಿಂದಿತ್ತು. ಬೇಸರದಿಂದ ಅದನ್ನು ಹಿಡಿದುಕೊಂಡೇ ಗೋಕುಲ ರಸ್ತೆ ಕಡೆಯ ಒಂದು ಪೇಂಟಿಂಗ್ ಗ್ಯಾರೇಜಿಗೆ ಹೋದೆ. ನನ್ನ ಕಾರಿನ ಬಂಪರಿಗೆ ಬಣ್ಣ ಹೊಡೆದಿದ್ದವರು ಅವರೇ. ಮಾಡೆಲ್ ಕೈಗೆ ತಗೊಂಡು ತಿರುಗಿಸಿ ನೋಡಿದರು. “ಪುಟ್ಟಿ ಒಣಗಾಕ ಬಿಟ್ಟಿಲ್ಲ ನೀವು. ಗಾಡಿ ಆದ್ರ ಗಿರಾಕಿ ಅವಸರ ಮಾಡತಾನ್ರಿ. ನಿಮಗ್ಯಾರ್ ಅವಸರ ಮಾಡತಾರ?”

ಆ ದಿನ ಅರ್ಧ ತಾಸು ಅಲ್ಲೇ ನಿಂತೆ. ಒಂದು ಕಾರಿನ ಬಾಗಿಲ ಮೇಲೆ ಅವರು ತೋರಿಸಿದ ಮೂರು ವಿಷಯಗಳನ್ನು ನಾನು ಅವತ್ತಿನಿಂದ ಬಿಟ್ಟಿಲ್ಲ.

ಮೊದಲನೆಯದು ಕೈ. “ಕಣ್ಣು ಮೋಸ ಮಾಡತಾವ್ರಿ, ಕೈ ಮಾಡಂಗಿಲ್ಲ” ಅಂದರು. ತೆಳ್ಳನೆಯ ಹತ್ತಿ ಬಟ್ಟೆ ಹಾಸಿ, ಅದರ ಮೇಲೆ ಬೆರಳು ಸರಿಸಲು ಹೇಳಿದರು. ಬರಿ ಬೆರಳು ಮೇಲ್ಮೈಗೆ ಹಿಡಿದುಕೊಳ್ಳುತ್ತದೆ, ಬಟ್ಟೆಯಿದ್ದರೆ ಜಾರುತ್ತದೆ, ಆಗ ಸಣ್ಣ ತಗ್ಗು ಕೂಡ ಗೊತ್ತಾಗುತ್ತದೆ. ನಂಬಿಕೆ ಬರದಿದ್ದರೆ ಈಗಲೇ ಯಾವುದಾದರೂ ಡಬ್ಬಿಯ ಮೇಲೆ ಮಾಡಿ ನೋಡಿ.

ಎರಡನೆಯದು ಮಸಿ. ಪ್ರೈಮರ್, ಅಂದರೆ ಬಣ್ಣಕ್ಕೂ ಮೊದಲು ಹೊಡೆಯುವ ಕೋಟ್, ಅದರ ಮೇಲೆ ಕರಿ ಬಣ್ಣವನ್ನು ದೂರದಿಂದ ಧೂಳು ಉದುರಿಸಿದ ಹಾಗೆ ತೆಳ್ಳಗೆ ಹೊಡೆಯುವುದು. ಅದು ಒಣಗಿದ ಮೇಲೆ ವಾಟರ್ ಪೇಪರಿನಿಂದ (ನೀರು ಹಾಕಿ ಉಜ್ಜುವ ಎಮರಿ ಪೇಪರ್) ಹಗುರಾಗಿ ಉಜ್ಜುವುದು. “ಮಸಿ ಎಲ್ಲಿ ಉಳಿತದೋ ಅಲ್ಲಿ ತಗ್ಗು. ಕೆಳಗಿನ ಪ್ಲಾಸ್ಟಿಕ್ ಎಲ್ಲಿ ಕಾಣತದೋ ಅಲ್ಲಿ ಉಬ್ಬು.” ಇಷ್ಟೇ. ಯಾವ ಊಹೆಯೂ ಬೇಡ.

ಮೂರನೆಯದು ಟ್ಯೂಬ್‌ಲೈಟ್. ಮೈ ಒದ್ದೆ ಮಾಡಿ ಟ್ಯೂಬ್‌ಲೈಟ್ ಕೆಳಗೆ ಹಿಡಿದು ನಿಧಾನಕ್ಕೆ ಉರುಳಿಸಬೇಕು. ಬೆಳಕಿನ ಗೆರೆ ನೇರ ಹರಿದರೆ ಸರಿ. ಜಾಯಿಂಟ್ ಹತ್ತಿರ ಬಂದಾಗ ಆ ಗೆರೆ ಹಾವಿನ ಹಾಗೆ ಸೊಟ್ಟಾದರೆ ಅಲ್ಲಿ ಇನ್ನೂ ಕೆಲಸ ಇದೆ.

ಕಾಕಾನ ವಿಮಾನಕ್ಕೆ ಈ ಮೂರನ್ನೂ ತಪ್ಪದೆ ಮಾಡಿದೆ. ಮೊದಲು 400 ನಂಬರ್ ಪೇಪರ್, ಆಮೇಲೆ 600, 1000. ಎಲ್ಲಾ ನೀರಿನಲ್ಲಿ, ಆ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು. ಪೇಪರನ್ನು ಬೆರಳಿಗೆ ಸುತ್ತಿ ಉಜ್ಜಿದರೆ ಬೆರಳಿನ ಆಕಾರಕ್ಕೆ ತಗ್ಗು ಬೀಳುತ್ತದೆ, ಅದಕ್ಕೆ ಹಳೆಯ ರಬ್ಬರ್ ಚಪ್ಪಲಿಯ ತುಂಡಿಗೆ ಸುತ್ತಿಕೊಂಡೆ. ಮೈ ಗುಂಡಗಿರುವುದರಿಂದ ಜಾಯಿಂಟ್ ಮೇಲಷ್ಟೇ ಉಜ್ಜಿದರೆ ಬೆನ್ನು ಚಪ್ಪಟೆ ಆಗುತ್ತದೆ. ಸುತ್ತು ಹಾಕುತ್ತಾ, ಶೂ ಪಾಲಿಶ್ ಮಾಡುವವರು ಬಟ್ಟೆ ಎಳೆಯುವ ಹಾಗೆ ಎಳೆಯಬೇಕು. ಮಸಿ ಹೊಡೆದು ಉಜ್ಜುವುದನ್ನು ಐದು ಸಲ ಮಾಡಿದೆ. ಮೂರನೇ ಸಲಕ್ಕೇ ಸಾಕು ಅನ್ನಿಸಿತ್ತು. ನಾಲ್ಕನೇ ಸಲ ಮೂಗಿನ ಮೇಲೆ, ಕಾಕ್‌ಪಿಟ್ ಗಾಜಿನ ಮುಂದೆ, ಸಾಸಿವೆ ಕಾಳಿನಷ್ಟು ಕರಿ ಉಳಿಯಿತು. ಬಿಳಿ ಹೊಡೆದ ಮೇಲೆ ಎಲ್ಲರ ಕಣ್ಣು ಮೊದಲು ಹೋಗುವುದು ಮೂಗಿಗೇ ಅಲ್ವಾ, ಬಿಡಲು ಮನಸ್ಸು ಬರಲಿಲ್ಲ.

ಬಣ್ಣದ ಮಾತಿಗೆ ಬಂದರೆ ನಮ್ಮ ಊರಿನ ಹವೆಯ ಮಾತೂ ಬರುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ ಗಾಳಿಯಿಂದ ಬಣ್ಣ ಚಿಮ್ಮಿಸುವ ಏರ್‌ಬ್ರಷ್ ಹಿಡಿದರೆ ಬಣ್ಣ ಮೈ ಮುಟ್ಟುವುದರೊಳಗೆ ಗಾಳಿಯಲ್ಲೇ ಒಣಗಿ ಹಿಟ್ಟು ಉದುರಿದ ಹಾಗೆ ಕೂರುತ್ತದೆ, ಕೈ ಆಡಿಸಿದರೆ ತರಿತರಿ. ಜುಲೈನಲ್ಲಿ ಜಿಟಿಜಿಟಿ ಮಳೆ ಹಿಡಿದಾಗ ಲ್ಯಾಕರ್ ಹೊಡೆದರೆ ಗಾಳಿಯ ತೇವ ಬಣ್ಣಕ್ಕೆ ಸೇರಿ ಹೊಳಪು ಹೋಗಿ ಮಂಜು ಕವಿದ ಹಾಗಾಗುತ್ತದೆ. ನನಗೆ ಚೆನ್ನಾಗಿ ಒದಗಿದ್ದು ದೀಪಾವಳಿ ಆದಮೇಲಿನ ಎರಡು ತಿಂಗಳು, ಬೆಳಿಗ್ಗೆ ಏಳರಿಂದ ಒಂಬತ್ತು. ಇನ್ನು ಹುಬ್ಬಳ್ಳಿ ಧೂಳು. ಬಣ್ಣ ಹೊಡೆಯುವ ಮುಂಚೆ ಕೋಣೆಯ ನೆಲಕ್ಕೆ ನೀರು ಚಿಮುಕಿಸುತ್ತೇನೆ, ಫ್ಯಾನ್ ಹಚ್ಚುವುದಿಲ್ಲ, ಹೊಡೆದ ಕೂಡಲೇ ಮೇಲೆ ದೊಡ್ಡ ಪಾತ್ರೆ ಬೋರಲು ಹಾಕುತ್ತೇನೆ. “ಹಿಟ್ಟು ನಾದೂ ಬುಟ್ಟಿ ಎಲ್ಲಿಟ್ಟಿಯೋ” ಅಂತ ಅವ್ವ ಎರಡು ದಿನ ಹುಡುಕಿದ್ದಳು. ಈಗ ಅದಕ್ಕೆಂದೇ ಬೇರೆ ಪ್ಲಾಸ್ಟಿಕ್ ಟಬ್ ತಂದಿಟ್ಟಿದ್ದೇನೆ. ಮುಖಕ್ಕೆ ಮಾತ್ರ ಬಣ್ಣದ ಆವಿ ತಡೆಯುವ ಫಿಲ್ಟರ್ ಇರುವ ಮಾಸ್ಕ್ ಹಾಕಿಕೊಳ್ಳಲೇಬೇಕು, ಬಟ್ಟೆ ಕಟ್ಟಿಕೊಂಡರೆ ಆಗುವುದಿಲ್ಲ.

ಬಿಳಿ ಬಣ್ಣಕ್ಕೆ ಮುಚ್ಚುವ ಶಕ್ತಿ ಕಡಿಮೆ. ಒಂದೇ ಸಲಕ್ಕೆ ಬಿಳಿ ಮಾಡಲು ಹೋದರೆ ದಪ್ಪವಾಗಿ ಇಳಿಯುತ್ತದೆ. ಬೂದು ಪ್ರೈಮರ್, ಅದರ ಮೇಲೆ ಬಿಳಿ ಪ್ರೈಮರ್, ಅದರ ಮೇಲೆ ಹೊಳಪಿನ ಬಿಳಿ ನಾಲ್ಕು ತೆಳು ಕೋಟ್. ಮೊದಲ ಎರಡು ಕೋಟ್ ನೋಡಿದರೆ ಹೊಟ್ಟೆ ಉರಿಯುತ್ತದೆ, ಅಲ್ಲಲ್ಲಿ ಬೂದು ಕಾಣುತ್ತಿರುತ್ತದೆ, ಕೈ ತಾನಾಗಿಯೇ ಇನ್ನೊಂದು ಸಲ ಹೊಡಿ ಅನ್ನುತ್ತದೆ. ಹೊಡೆಯಬೇಡಿ. ಎದ್ದು ಚಹಾ ಕುಡಿದು ಬನ್ನಿ. ಕೊನೆಗೆ 2000 ಪೇಪರಿನಿಂದ ನೀರಲ್ಲಿ ಹಗುರಾಗಿ ಉಜ್ಜಿ, ಕಾರ್ ಪಾಲಿಶ್ ಹಚ್ಚಿ ಒರೆಸಿದರೆ ಬಿಳಿ ಮೈ ಮೇಲೆ ಕಿಟಕಿಯ ಸರಳುಗಳು ಕಾಣುತ್ತವೆ. ಮೇಲಿನ ಕೋಟಿಗೆ ಎನಾಮಲ್ ವಾರ್ನಿಷ್ ಮಾತ್ರ ಬೇಡ, ವರ್ಷ ಕಳೆದ ಹಾಗೆ ಹಳದಿಯಾಗುತ್ತದೆ. ಬಿಳಿ ವಿಮಾನಕ್ಕೆ ಅದು ದೊಡ್ಡ ಹೊಡೆತ.

ಬಾಲಕ್ಕೆ ಕೇಸರಿ. ಲಾಂಛನ ಬಿಳಿ. ಮೊದಲು ಬಾಲವನ್ನೂ ಬಿಳಿ ಮಾಡಿಕೊಂಡೆ. ಲಾಂಛನದ ಆಕಾರವನ್ನು ಮಾಸ್ಕಿಂಗ್ ಟೇಪ್ ಮೇಲೆ ಹೊಸ ಬ್ಲೇಡಿನಿಂದ ಕತ್ತರಿಸಿ ಅಂಟಿಸಿದೆ. ಟೇಪ್ ಅಂಚಿಗೆ ಮೊದಲು ಇನ್ನೊಂದು ತೆಳು ಬಿಳಿ ಕೋಟ್ ಹೊಡೆಯಬೇಕು. ಸೋರುವುದಿದ್ದರೆ ಬಿಳಿಯೇ ಸೋರಿ ಸಂದು ಮುಚ್ಚಿಕೊಳ್ಳುತ್ತದೆ, ಆಮೇಲೆ ಕೇಸರಿ ಒಳಗೆ ಹೋಗುವುದಿಲ್ಲ. ಕೇಸರಿ ಪೂರ್ತಿ ಒಣಗುವ ಮುಂಚೆ ಟೇಪನ್ನು ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆದೆ. ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಬಂತು. ರೆಕ್ಕೆಗೆ ತಿಳಿ ಬೂದು. ರೆಕ್ಕೆಯ ಮುಂದಿನ ಅಂಚು ನಿಜವಾದ ವಿಮಾನದಲ್ಲಿ ಬರಿ ಲೋಹ, ಅಲ್ಲಿಗೆ ಎ.ಸಿ. ರಿಪೇರಿಯವರು ಬಳಸುವ ಅಲ್ಯೂಮಿನಿಯಂ ಟೇಪಿನ ತೆಳು ಪಟ್ಟಿ ಅಂಟಿಸಿ ಕಿವಿ ತೊಳೆಯುವ ಹತ್ತಿ ಕಡ್ಡಿಯಿಂದ ತಿಕ್ಕಿ ಕೂರಿಸಿದೆ. ಬೆಳ್ಳಿ ಬಣ್ಣಕ್ಕಿಂತ ಇದೇ ನಿಜ ಅನ್ನಿಸುತ್ತದೆ.

ತುಂಬಾ ಜನ ಮೈಮೇಲಿನ ಪ್ಯಾನೆಲ್ ಗೆರೆಗಳಿಗೆ, ಅಂದರೆ ತಗಡು ತಗಡು ಸೇರುವ ಗೆರೆಗಳಿಗೆ, ಕರಿ ಇಂಕು ತುಂಬುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಈಗ ನಮ್ಮ ಹುಬ್ಬಳ್ಳಿ ನಿಲ್ದಾಣಕ್ಕೇ ಎ320 ಬರುತ್ತದೆ, ಒಂದು ಸಲ ಹೋಗಿ ನೋಡಿ. ಐವತ್ತು ಮೀಟರ್ ದೂರದಿಂದ ಮೈಮೇಲೆ ಒಂದೂ ಗೆರೆ ಕಾಣುವುದಿಲ್ಲ. ಬಾಗಿಲಿನ ಅಂಚು ಕಾಣುತ್ತದೆ, ರೆಕ್ಕೆಯ ಹಿಂದೆ ಕೆಳಗೆ ಇಳಿಯುವ ಅಂಚಿನ, ಅಂದರೆ ಫ್ಲಾಪಿನ, ಸಂದು ಕಾಣುತ್ತದೆ, ಅಷ್ಟೇ. ಮಾಡೆಲನ್ನು ಒಂದು ಅಡಿ ದೂರದಿಂದ ನೋಡುವುದೆಂದರೆ ನಿಜವಾದದ್ದನ್ನು 144 ಅಡಿ ದೂರದಿಂದ ನೋಡಿದ ಹಾಗೆ. ನಾನು ಫ್ಲಾಪ್ ಸಂದಿಗೆ ಮಾತ್ರ ತಿಳಿ ಬೂದು ಹಚ್ಚಿ ಬಿಟ್ಟೆ.

ಇನ್ನು ಗಾಲಿ. ಈ ಕೆಲಸ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟಿತು.

ಕಿಟ್‌ನಲ್ಲಿ ಎರಡು ಗಾಲಿಯ ಕಾಲು ಮಾತ್ರ ಇತ್ತು. ಫೋಟೋ ಅಳೆದು ನೋಡಿದರೆ ನಾಲ್ಕು ಗಾಲಿಯ ಕಾಲಿನಲ್ಲಿ ಗಾಲಿಗಳು ಮಾಮೂಲಿಗಿಂತ ಸಣ್ಣವು. ನನ್ನ ಲೆಕ್ಕಕ್ಕೆ ಮಾಡೆಲ್‌ನಲ್ಲಿ 6 ಮಿಲಿಮೀಟರ್ ಅಡ್ಡಳತೆ, 2 ಮಿಲಿಮೀಟರ್ ದಪ್ಪ ಬಂತು. ಅಂಥವು ಎಂಟು ಬೇಕು, ಎಂಟೂ ಒಂದೇ ಥರ. ಹಾರ್ಡ್‌ವೇರ್ ಅಂಗಡಿಯಿಂದ ಬೆಲ್ಟಿಗೆ ತೂತು ಹೊಡೆಯುವ 6 ಮಿಲಿಮೀಟರ್ ಪಂಚ್ ತಂದೆ. ಒಂದು ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಶೀಟನ್ನು ಕಟ್ಟಿಗೆ ಮೇಲಿಟ್ಟು ಸುತ್ತಿಗೆಯಿಂದ ಹೊಡೆದರೆ ಬಿಲ್ಲೆಗಳು ಉದುರುತ್ತವೆ. ಎರಡೆರಡು ಬಿಲ್ಲೆ ಅಂಟಿಸಿದರೆ ಒಂದು ಗಾಲಿ. ನಡುವೆ ತೂತು ಕೊರೆಯುವುದೇ ಕಷ್ಟ, ಸ್ವಲ್ಪ ಪಕ್ಕಕ್ಕೆ ಹೋದರೂ ಗಾಲಿ ಓಲಾಡುತ್ತದೆ. ಇಪ್ಪತ್ತು ಮಾಡಿ ಎಂಟು ಆರಿಸಿಕೊಂಡೆ. ತೂತಿಗೆ ಗುಂಡುಪಿನ್ ಸಿಕ್ಕಿಸಿ ಅಂಟು ಹಾಕಿ, ಪಿನ್ನನ್ನು ಡ್ರಿಲ್ ಮಷಿನ್ನಿಗೆ ಕಚ್ಚಿಸಿ, ನಿಧಾನಕ್ಕೆ ತಿರುಗಿಸುತ್ತಾ ಅಂಚಿಗೆ ಎಮರಿ ಪೇಪರ್ ಹಿಡಿದೆ. ಚೂಪಾದ ಅಂಚು ಸವೆದು ಟೈರಿನ ಹೊಟ್ಟೆಯ ಹಾಗೆ ಗುಂಡಗಾಯಿತು. ಹಾಗೇ ತಿರುಗುತ್ತಿರುವಾಗ ಸೂಜಿಯ ಮೊನೆ ಮುಟ್ಟಿಸಿದರೆ ಟೈರು ಮತ್ತು ರಿಮ್ ನಡುವಿನ ಗೆರೆಯೂ ಬಿತ್ತು. ಬಣ್ಣ ಹಚ್ಚುವಾಗ ಆ ಗೆರೆಯೇ ಬೇಲಿ, ಬ್ರಷ್ ತಾನಾಗಿ ನಿಲ್ಲುತ್ತದೆ. ಟೈರಿಗೆ ಪೂರ್ತಿ ಕರಿ ಹಚ್ಚಬೇಡಿ, ಕರಿಗೆ ಸ್ವಲ್ಪ ಬೂದು ಬೆರೆಸಿ.

ಕಾಲಿನ ಕೆಳಗೆ ಅಡ್ಡ ತೊಲೆಗೆ ಒಂದು ಮಿಲಿಮೀಟರ್ ಪ್ಲಾಸ್ಟಿಕ್ ಕಡ್ಡಿ, ಅಚ್ಚಿಗೆ ಅದೇ ಗುಂಡುಪಿನ್. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ ಉಗುರು ಹೋಗದಷ್ಟು ಸಂದು. ಎಂಟೂ ಗಾಲಿ ಒಟ್ಟಿಗೆ ನೆಲ ಮುಟ್ಟಬೇಕಲ್ಲ, ಅದಕ್ಕೆ ಅಂಟು ಗಟ್ಟಿಯಾಗುವ ಮುಂಚೆ ವಿಮಾನವನ್ನು ಗಾಜಿನ ಮೇಲೆ ನಿಲ್ಲಿಸಿ ಎರಡೂ ರೆಕ್ಕೆ ತುದಿಯ ಎತ್ತರ ಸ್ಕೇಲಿನಲ್ಲಿ ಅಳೆದು ಹಾಗೇ ರಾತ್ರಿ ಬಿಟ್ಟೆ. ಎ320 ನಿಂತಿರುವಾಗ ಗಾಲಿಮನೆಯ ದೊಡ್ಡ ಬಾಗಿಲುಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ, ಹಾಗಾಗಿ ಒಳಗಿನ ಜಾಗದ ತಲೆನೋವು ಇರಲಿಲ್ಲ.

ಡೆಕಾಲ್ ನಾನೇ ಮಾಡಿದೆ. ಡೆಕಾಲ್ ಪೇಪರ್ ಮೇಲೆ ಲೇಸರ್ ಪ್ರಿಂಟ್ ತೆಗೆಸುವುದು. ಎ320ಯಲ್ಲಿ ಕಿಟಕಿಯಿಂದ ಕಿಟಕಿಗೆ 53.3 ಸೆಂಟಿಮೀಟರ್, ಮಾಡೆಲ್‌ನಲ್ಲಿ 3.7 ಮಿಲಿಮೀಟರ್. ಕಂಪ್ಯೂಟರಿನಲ್ಲಿ ಸಾಲಾಗಿ ಬರೆದು ಕ್ಸೆರಾಕ್ಸ್ ಅಂಗಡಿಗೆ ಒಯ್ದೆ. ಮೊದಲ ಪ್ರಿಂಟ್ ಮೂರು ಪರ್ಸೆಂಟ್ ಸಣ್ಣದಾಗಿ ಬಂತು, ಕಾಗದಕ್ಕೆ ಹೊಂದಿಸುವ ಸೆಟ್ಟಿಂಗ್ ಹಾಗೇ ಉಳಿದಿತ್ತು. ಒಂದೊಂದು ಕಿಟಕಿ ನೋಡಿದರೆ ಗೊತ್ತಾಗುವುದಿಲ್ಲ, ಮೈಯುದ್ದಕ್ಕೆ ಇಟ್ಟಾಗ ಹಿಂದಿನ ಬಾಗಿಲ ಹತ್ತಿರ ಒಂದು ಕಿಟಕಿಗಿಂತ ಜಾಸ್ತಿ ಸರಿದಿತ್ತು. ಈಗ ಯಾವಾಗಲೂ ಪುಟದ ಮೂಲೆಯಲ್ಲಿ 10 ಸೆಂಟಿಮೀಟರಿನ ಗೆರೆ ಹಾಕಿರುತ್ತೇನೆ. ಮೊದಲು ಸಾದಾ ಹಾಳೆಯಲ್ಲಿ ತೆಗೆಸಿ ಆ ಗೆರೆ ಅಳೆದೇ ಡೆಕಾಲ್ ಪೇಪರ್ ಕೊಡುವುದು.

ಡೆಕಾಲ್ ಹಚ್ಚುವ ಮೇಲ್ಮೈ ಹೊಳಪಾಗಿರಲೇಬೇಕು. ಒರಟಾಗಿದ್ದರೆ ಕೆಳಗೆ ಗಾಳಿ ಸಿಕ್ಕಿಕೊಂಡು ಪೊರೆ ಬೆಳ್ಳಗೆ ಮಿನುಗುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ನಿಮಿಷ ನೆನೆಸಿ, ಬೆರಳಿನಿಂದ ತಳ್ಳದೆ ಒದ್ದೆ ಬ್ರಷ್‌ನಿಂದ ಸರಿಸಬೇಕು. ಕಿಟಕಿ ಸಾಲನ್ನು ಒಂದೇ ಪಟ್ಟಿಯಾಗಿ ಹಚ್ಚಲು ಹೋದರೆ ನಡುವೆ ಬಾಗುತ್ತದೆ, ನಾನು ಮೂರು ತುಂಡು ಮಾಡಿದೆ, ತುಂಡಿನ ಸಂದು ರೆಕ್ಕೆ ಮೇಲಿನ ತುರ್ತು ಬಾಗಿಲುಗಳ ಹತ್ತಿರ ಬರುವ ಹಾಗೆ. ಬಾಲದ ಹತ್ತಿರ ನೋಂದಣಿ ಅಕ್ಷರ, ವಿಟಿ-ಇಪಿ ಅಂತ ಶುರುವಾಗುವ ಸಾಲಿನದು. ಕೊನೆಗೆ ಎಲ್ಲದರ ಮೇಲೆ ಎರಡು ತೆಳು ಅಕ್ರಿಲಿಕ್ ಕ್ಲಿಯರ್ ಕೋಟ್.

ಒಟ್ಟು ಐದು ತಿಂಗಳು. ಅದರಲ್ಲಿ ಬಣ್ಣ ಹೊಡೆದದ್ದು ನಾಲ್ಕು ಬೆಳಿಗ್ಗೆ ಮಾತ್ರ, ಉಳಿದದ್ದೆಲ್ಲಾ ಉಜ್ಜುವುದು ಮತ್ತು ಒಣಗಲು ಕಾಯುವುದು.

ಉಸ್ತಾದರಿಗೆ ತೋರಿಸಲು ಒಯ್ದೆ. ಬಾಯಲ್ಲಿ ಏನೂ ಹೇಳಲಿಲ್ಲ. ಕೈ ಒರೆಸಿಕೊಂಡು, ಭುಜದ ಮೇಲಿನ ಬಟ್ಟೆ ತೆಗೆದು ಬೆನ್ನ ಮೇಲೆ ಹಾಸಿ, ಮೂಗಿನಿಂದ ಬಾಲದ ತನಕ ಎರಡು ಬೆರಳು ಒಯ್ದರು. ಬಾಲದ ಬುಡದಲ್ಲಿ ಒಂದು ಕ್ಷಣ ನಿಂತರು. “ಇಲ್ಲೊಂದೀಟು ಐತಿ” ಅಂದರು. ಐತಿ, ನನಗೂ ಗೊತ್ತಿತ್ತು.

ಮರುದಿನ ಧಾರವಾಡಕ್ಕೆ ಹೋದೆ. ಕಾಕಾ ಕನ್ನಡಕ ಏರಿಸಿಕೊಂಡು ಮೊದಲು ಬಾಲ ನೋಡಿದರು, ಆಮೇಲೆ ಎರಡೂ ಕೈಯಲ್ಲಿ ಎತ್ತಿ ಕೆಳಗಿಂದ ನೋಡಿದರು. ತುಟಿ ಅಲ್ಲಾಡುತ್ತಿತ್ತು. “ನಾಕು, ನಾಕು. ಎಂಟು. ನಾ ಹೇಳಿದ್ನಿಲ್ಲೋ ತಮ್ಮಾ?” ಅಂದರು. ತಾವು ಕೂತಿದ್ದ ಕಿಟಕಿ ಹುಡುಕಿದರು. ರೆಕ್ಕೆ ಕಾಣುತ್ತಿತ್ತು, ಅದರ ಹಿಂದಿನ ಅಂಚು ಬಿಚ್ಚಿಕೊಂಡು ಕೆಳಗೆ ಇಳಿದದ್ದೂ ನೆನಪಿದೆ ಅಂದರು. ಅಂದರೆ ಫ್ಲಾಪ್. ತುರ್ತು ಬಾಗಿಲಿನಿಂದ ಹಿಂದಕ್ಕೆ ಎಣಿಸುತ್ತಾ ಹೋಗಿ ಏಳನೆಯದು ಅಂತ ಇಬ್ಬರೂ ಒಪ್ಪಿದೆವು. ಮಾಡೆಲ್ ಈಗ ಅವರ ಪಡಸಾಲೆಯ ಶೋಕೇಸಿನಲ್ಲಿದೆ, ಬಿಸಿಲು ಬೀಳದ ಕಡೆ.

ಹೊರಡುವಾಗ ಬಾಗಿಲ ತನಕ ಬಂದು ಹೇಳಿದರು, “ಬರೂಮುಂದ ಬಂದಿದ್ದು ಬ್ಯಾರೆ ವಿಮಾನಪಾ. ಬಾಳ ದೊಡ್ಡದು. ಒಳಗ ಎರಡು ದಾರಿ ಇದ್ವು.” ಅದು ಎ300. ಏರ್‌ಫಿಕ್ಸ್ ಒಂದು ಕಾಲಕ್ಕೆ 1:144ರಲ್ಲಿ ಅದರ ಕಿಟ್ ಮಾಡುತ್ತಿತ್ತು. ಹಳೆಯದು ಎಲ್ಲಾದರೂ ಸಿಗುತ್ತದಾ ಅಂತ ಈಗ ಹುಡುಕುತ್ತಿದ್ದೇನೆ.